ವನೌಕಸರ ಮನೆ

ಕಪಿಗೆ ಸಂಸ್ಕೃತ ಕೋಶಕಾರರು ಕೊಟ್ಟಿರುವ ಹೆಸರುಗಳು ಒಂದೆರಡಲ್ಲ. ಹಾರಿ ಹಾರಿ ನಡೆಯುವುದರಿಂದ ಪ್ಲವಗ. ಕೊಂಬೆಯ ಮೇಲೆ ಬಾಳುವುದರಿಂದ ಶಾಖಾಮೃಗ. ಮೋರೆ ಸುಕ್ಕುಗಟ್ಟಿರುವುದರಿಂದ ವಲೀಮುಖ. ಕಾಡೇ ಮನೆಯಾಗಿರುವುದರಿಂದ ವನೌಕಸ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವ ಹುಡುಗರು ಇವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ ಮುಂದಿನ ವರ್ಗಕ್ಕೆ ಓಡುವುದು ವಾಡಿಕೆ. ಆದರೆ ಕಡೆಯ ಹೆಸರಿನ ಬಳಿ ತುಸು ನಿಂತು ನೋಡತಕ್ಕುದು. ಮಿಕ್ಕ ಹೆಸರುಗಳು ಪ್ರಾಣಿಯ ಅಂಗವನ್ನೋ ಚೇಷ್ಟೆಯನ್ನೋ ಹೇಳುತ್ತವೆ. ಇದೊಂದು ಮಾತ್ರ ಅದರ ವಿಳಾಸವನ್ನು ಹೇಳುತ್ತದೆ. ಓಕಸ್ಸೆಂದರೆ ಮನೆ. ಮನೆ ಹೋದ ಮೇಲೆ ಈ ಹೆಸರು ಸಲ್ಲುವುದೇ ಎಂಬ ಸಂದೇಹ ಕೋಶಕಾರನಿಗೆ ಬಂದಿರಲಾರದು. ಶಿವಮೊಗ್ಗ ಜಿಲ್ಲೆಯ ತೋಟಿಗರಿಗೆ ಅದು ಈಗ ದಿನವೂ ಬರುತ್ತಿರುವ ಸಂದೇಹ.

ಈ ಜಿಲ್ಲೆಯಲ್ಲಿಯೂ ಅದರ ಪಡುವಣ ಅಂಚಿನಲ್ಲಿಯೂ ಈ ಕುಲದವು ನಾಲ್ಕು ಬಗೆ ಉಂಟು. ಮೊದಲನೆಯದು ಎಲ್ಲರೂ ಬಲ್ಲ ಕೋತಿ. ಬೈತಲೆ ತೆಗೆದು ಬಾಚಿದಂತೆ ನೆತ್ತಿಯ ಮೇಲೆ ಕೂದಲ ಟೊಪ್ಪಿಗೆಯುಳ್ಳದ್ದು. ದೇವಸ್ಥಾನ, ರೈಲುನಿಲ್ದಾಣ, ಮನೆಯ ಮಾಡು, ಎಲ್ಲಿಯೂ ಸಂಕೋಚವಿಲ್ಲದ್ದು. ಎರಡನೆಯದು ಕರಿಯ ಮೋರೆಯ, ನೀಳಬಾಲದ ಮುಸುವ. ಎಲೆ ಚಿಗುರುಗಳನ್ನು ತಿನ್ನುವ ಗಂಭೀರ ಜಾತಿ. ಹನುಮಂತನ ವಂಶವೆಂದು ಜನ ಕೈ ಮುಗಿಯುವುದು ಇದಕ್ಕೆ. ಮೂರನೆಯದು ಇರುಳಿನಲ್ಲಿ ಮಾತ್ರ ಹೊರಡುವ, ದೊಡ್ಡ ಕಣ್ಣಿನ, ಬಾಲವಿಲ್ಲದ ಕಾಡುಪಾಪ. ನಾಲ್ಕನೆಯದು ಸಿಂಗಳೀಕ. ಮೈ ಕಪ್ಪು, ಮೋರೆಯ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ಕರ್ಣಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಇದು ಸ್ವತಂತ್ರವಾಗಿ ಬದುಕಿಲ್ಲ. ಎಲ್ಲವನ್ನೂ ಎಣಿಸಿದರೂ ಕೆಲವೇ ಸಾವಿರ. ಶರಾವತಿ ಅಘನಾಶಿನಿಗಳ ಕಣಿವೆಯ ಕಾಡು ಇಂದು ಇದರ ಉತ್ತರದ ಮೇರೆ.

ಭದ್ರಾವತಿಯ ಹಳೆಯ ಪೇಟೆಯಲ್ಲಿ ಒಬ್ಬ ಗೃಹಸ್ಥರಿದ್ದಾರೆ. ಲೆಕ್ಕಪತ್ರ ಬರೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ವಿಶ್ರಾಂತಿ ಪಡೆದವರು; ಯಾವ ಮಾತನ್ನಾದರೂ ಜಮೆ ಖರ್ಚು ಎರಡು ಕಡೆಯೂ ಬರೆದು ನೋಡದೆ ಒಪ್ಪುವವರಲ್ಲ. ಅವರ ಪತ್ನಿಯ ತವರು ಹೊಸನಗರದ ಕಡೆಯ ಒಂದು ಹಳ್ಳಿ. ಅಲ್ಲಿಯ ಅಡಕೆ ತೋಟದಲ್ಲಿ ಆಕೆಗೂ ಒಂದು ಪಾಲುಂಟು. ನೋಡಿಕೊಳ್ಳುವವರು ಆಕೆಯ ತಮ್ಮಂದಿರು. ಒಂದು ಮಾಘಮಾಸದಲ್ಲಿ ಈ ಭಾವಮೈದುನರು ಭದ್ರಾವತಿಗೆ ಬಂದರು. ಬಂದದ್ದು ಹಣದ ಮಾತಿಗೆ. ತೋಟಕ್ಕೆ ಬೀಳುವ ಕೋತಿಗಳನ್ನು ಹಿಡಿಯುವ ಜನ ಗೊತ್ತಾಗಿದ್ದರು. ತಲೆಗೆ ಇಷ್ಟೆಂದು ಕೂಲಿಯೂ ನಿಶ್ಚಯವಾಗಿತ್ತು. ಬೋನಿನಲ್ಲಿ ಹಿಡಿದು, ಇರುಳು ಲಾರಿಯಲ್ಲಿ ತುಂಬಿ, ಶರಾವತಿ ಕಣಿವೆಯ ಕಾಡಿಗೆ ಬಿಟ್ಟು ಬರುವುದೆಂದು ಏರ್ಪಾಡು. ಖರ್ಚಿನಲ್ಲಿ ಅರ್ಧ ಅಕ್ಕನ ಪಾಲಿಗೆ.

"ಅರಣ್ಯದವರ ಅಪ್ಪಣೆ ಆಗಿದೆಯೇನು?" ಎಂದು ಗೃಹಸ್ಥರು ಕೇಳಿದರು.

"ಅಪ್ಪಣೆ ಕೇಳುತ್ತ ಕೂತರೆ ಈ ವರ್ಷದ ಫಸಲೂ ಹೋಯಿತು, ಭಾವ. ಏಲಕ್ಕಿ ಎಂಬುದು ನಮ್ಮ ತೋಟದಲ್ಲಿ ಹೆಸರಿಗೂ ಉಳಿದಿಲ್ಲ. ದಿಂಡನ್ನು ಸೀಳಿ ತಿಂದು ಬಿಸುಟಿವೆ. ಬಾಳೆ ಇಲ್ಲ. ಎಳನೀರು ಇಲ್ಲ. ಈಗ ಎಳೆ ಅಡಕೆಯನ್ನು ಕಚ್ಚಿ ರಸ ಹೀರಿ ಉದುರಿಸುತ್ತವೆ. ಒಂದು ಹಿಂಡು ಒಂದು ಬೆಳಗ್ಗೆ ಮಾಡುವ ನಷ್ಟವನ್ನು ನೀವು ಕಣ್ಣಿಂದ ನೋಡಬೇಕು."

ಈ ಮಾತಿನಲ್ಲಿ ಅತಿಶಯೋಕ್ತಿ ಇಲ್ಲವೆಂಬುದನ್ನು ಮಲೆನಾಡಿನ ಯಾವ ತೋಟಿಗನೂ ಸಾಕ್ಷಿ ನುಡಿದಾನು. 2019ರಲ್ಲಿ ತೀರ್ಥಹಳ್ಳಿಯ ಕಡೆಯ ಒಬ್ಬ ರೈತನು ಕೋತಿಗಳನ್ನು ಬೆದರಿಸಲು ತನ್ನ ನಾಯಿಯ ಮೈಗೆ ಹುಲಿಯ ಪಟ್ಟೆಗಳನ್ನು ಬಳಿದನೆಂಬ ಸುದ್ದಿ ದೇಶವೆಲ್ಲ ಹಬ್ಬಿತು. ಓದಿದವರು ನಕ್ಕರು. ಹುಲಿಯ ಚರ್ಮ ಹೊದ್ದು ಹೊಲ ಮೇಯ್ದ ಕತ್ತೆಯ ಕಥೆಯನ್ನು ಪಂಚತಂತ್ರದಲ್ಲಿ ಓದಿದವರು ಇನ್ನೂ ಹೆಚ್ಚು ನಕ್ಕರು. ಆದರೆ ಕಥೆಯ ಕತ್ತೆಗೆ ಮೇವಿನ ಆಸೆಯಿದ್ದಿತು. ಈ ರೈತನಿಗಿದ್ದುದು ಬೇರೆ ದಾರಿ ಕಾಣದ ಸಂಕಟ. ಎರಡೂ ಒಂದೇ ನಗೆಗೆ ತಕ್ಕುವಲ್ಲ.

ಆ ದಿನ ಭಾನುವಾರ. ಗೃಹಸ್ಥರು ಹತ್ತು ವರ್ಷದ ಮೊಮ್ಮಗಳಿಗೆ ತ್ಯಾವರೆಕೊಪ್ಪದ ಮೃಗಧಾಮವನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದರು. ಹಣದ ಮಾತನ್ನು ಸಂಜೆಗೆ ಮುಂದೂಡಿ, ಭಾವಮೈದುನರನ್ನೂ ಒತ್ತಾಯದಿಂದ ಜೊತೆಗೆ ಹೊರಡಿಸಿದರು. ಮೂವರೂ ರೈಲಿನಲ್ಲಿ ಶಿವಮೊಗ್ಗೆಗೆ ಹೊರಟರು.

ಭದ್ರಾವತಿಯಿಂದ ಹೊರಡುವ ದಾರಿಯಲ್ಲಿ ಕಬ್ಬಿಣದ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ಆ ಕಾರ್ಖಾನೆಯಲ್ಲಿ ಕುಲುಮೆ ಹತ್ತಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಅದಿರನ್ನು ಕರಗಿಸುವ ಇದ್ದಲು ಮಲೆನಾಡಿನ ಮರಗಳಿಂದ. ಕಲ್ಲಿದ್ದಲು ಹತ್ತಿರದಲ್ಲಿಲ್ಲದ ಸೀಮೆಯಲ್ಲಿ ಮರದ ಇದ್ದಲಿನಿಂದಲೇ ಕಬ್ಬಿಣ ತೆಗೆದದ್ದು ಅಂದಿನವರ ಜಾಣ್ಮೆ. ಆ ಜಾಣ್ಮೆಯ ಬೆಲೆಯನ್ನು ತೆತ್ತದ್ದು ಕಾಡು. 1936ರಲ್ಲಿ ಕಾಗದದ ಕಾರ್ಖಾನೆ ಬಂದಿತು. ಅದರಿಂದ ಸಾವಿರಾರು ಮನೆಗಳ ಒಲೆ ಉರಿಯಿತು. ಜಿಲ್ಲೆಯ ಎಷ್ಟೋ ಮಕ್ಕಳು ಅಕ್ಷರ ತಿದ್ದಿದ್ದು ಆ ಕಾಗದದ ಮೇಲೆಯೇ. ಅದರ ಮರಕ್ಕಾಗಿ 1980ರಲ್ಲಿ ನಾಲ್ವತ್ತು ವರ್ಷದ ಗೇಣಿಗೆ ವಿಸ್ತಾರವಾದ ಅರಣ್ಯಭೂಮಿಯನ್ನು ಕೊಡಲಾಯಿತು. ಅಲ್ಲಿ ಅಕೇಶಿಯ, ನೀಲಗಿರಿಗಳ ತೋಪುಗಳು ಸಾಲುಸಾಲಾಗಿ ಎದ್ದುವು. ಈಗ ಕಾರ್ಖಾನೆಯ ಯಂತ್ರಗಳು ನಿಂತಿವೆ. ತೋಪುಗಳು ನಿಂತಿಲ್ಲ, ಬೆಳೆಯುತ್ತಲೇ ಇವೆ. ದೂರದಿಂದ ನೋಡಿದವನು ಅದನ್ನು ಕಾಡೆಂದೇ ಎಣಿಸುವನು. ಮುಸುವನಿಗೆ ಬೇಕಾದ ಚಿಗುರು, ಕೋತಿಗೆ ಬೇಕಾದ ಹಣ್ಣು ಅದರಲ್ಲಿ ಸಿಗವು. ಇದಕ್ಕೂ ಮುಂಚೆ, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಕಟ್ಟೆಯ ನೀರಿನಲ್ಲಿ ಶರಾವತಿಯ ಇಕ್ಕೆಲದ ಕಾಡು ಊರುಗಳೊಡನೆ ಮುಳುಗಿತ್ತು. ಮನೆಯ ಒಂದು ಗೋಡೆ ಇದ್ದಲಾಯಿತು, ಒಂದು ಕಾಗದವಾಯಿತು, ಒಂದು ದೀಪವಾಯಿತು. ಆ ಕಾಗದದಲ್ಲಿ ಓದಿ, ಆ ದೀಪದಲ್ಲಿ ಕುಳಿತವರು ಇಂದು, ಕೋತಿ ತೋಟಕ್ಕೇಕೆ ಬರುತ್ತದೆ ಎಂದು ಕೇಳುವರು.

ತ್ಯಾವರೆಕೊಪ್ಪ ಶಿವಮೊಗ್ಗೆಯಿಂದ ಸಾಗರದ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರು. ಹುಲಿ ಸಿಂಹಗಳ ಧಾಮವು ಅಲ್ಲಿ 1988ರಲ್ಲಿ ಆರಂಭವಾಯಿತು. ಇಲ್ಲಿ ನೋಡುವ ಕ್ರಮ ಪಟ್ಟಣದ ಮೃಗಾಲಯಗಳ ಕ್ರಮಕ್ಕೆ ವಿಪರೀತ. ಹುಲಿ ಸಿಂಹಗಳು ಮರಗಳ ನಡುವೆ ಬಯಲಿನಲ್ಲಿರುತ್ತವೆ. ನೋಡುವ ಜನರು ಕಬ್ಬಿಣದ ಸರಳು ಬಿಗಿದ ವಾಹನದೊಳಗಿರುತ್ತಾರೆ. ಹುಲಿಯು ದಾರಿಯ ಬದಿಯಲ್ಲಿ ಮಲಗಿ, ಸರಳಿನೊಳಗೆ ತುಂಬಿದ ಮನುಷ್ಯರನ್ನು ಒಮ್ಮೆ ಕಣ್ಣೆತ್ತಿ ನೋಡಿ ಪುನಃ ಕಣ್ಣು ಮುಚ್ಚಿತು. "ನಮ್ಮನ್ನು ತೋರಿಸುವುದಕ್ಕೆ ಹುಲಿಯಿಂದ ಎಷ್ಟು ದುಡ್ಡು ತೆಗೆದುಕೊಳ್ಳುತ್ತಾರೆ, ಅಜ್ಜಯ್ಯ?" ಎಂದು ಮಗು ಕೇಳಿದಾಗ ವಾಹನದಲ್ಲಿದ್ದವರೆಲ್ಲ ನಕ್ಕರು.

ಹೊರಗೆ ಬಂದ ಮೇಲೆ ಮಗು ಇನ್ನೊಂದು ಪ್ರಶ್ನೆಯನ್ನು ತೆಗೆಯಿತು. ಅದರ ಶಾಲೆಯ ಗೋಡೆಯ ಮೇಲೆ ಸಿಂಗಳೀಕದ ಚಿತ್ರವಿದ್ದಿತಂತೆ. ಅದು ಶಿವಮೊಗ್ಗೆಯ ಜಿಲ್ಲೆಗೇ ಸೇರಿದ ಪ್ರಾಣಿಯೆಂದು ಉಪಾಧ್ಯಾಯಿನಿಯವರು ಹೇಳಿದ್ದರಂತೆ. ಹಾಗಿದ್ದರೆ ಮಂಗಗಳಿಗೆಂದೇ ಒಂದು ಮೃಗಾಲಯ ಇಲ್ಲಿ ಏಕಿಲ್ಲ?

ತೋಟದಜ್ಜನವರು ತಡೆಯಲಾರದೆ, "ಇದೆಯಲ್ಲ ಮಗೂ, ನಮ್ಮ ತೋಟ. ಟಿಕೀಟೂ ಇಲ್ಲ," ಎಂದರು.

ಮಗುವಿನ ಪ್ರಶ್ನೆ ಹಗುರಾದುದಲ್ಲ. ಕಪಿಕುಲಕ್ಕೆಂದೇ ಮೀಸಲಾದ ಮೃಗಾಲಯಗಳು ಪರದೇಶಗಳಲ್ಲಿ ಉಂಟು. ಹಾಲೆಂಡ್ ದೇಶದ ಆಪಲ್‌ಡೋರ್ನ್ ಎಂಬ ಊರಿನಲ್ಲಿ 1971ರಿಂದ ಒಂದಿದೆ. ಅಲ್ಲಿ ಸಣ್ಣ ಜಾತಿಯ ಕೋತಿಗಳು ನೋಡಬಂದವರ ನಡುವೆಯೇ ಬಿಡುಬೀಸಾಗಿ ಓಡಾಡುತ್ತವೆ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ 1987ರಲ್ಲಿ ಇನ್ನೊಂದು ಆರಂಭವಾಯಿತು. ಅದರ ಹುಟ್ಟಿಗೆ ಕಾರಣ ಕನಿಕರ. ಸ್ಪೇನ್ ದೇಶದ ಕಡಲತೀರಗಳಲ್ಲಿ ವಿಹಾರಕ್ಕೆ ಬಂದವರೊಡನೆ ಛಾಯಾಚಿತ್ರ ತೆಗೆಸುವುದಕ್ಕಾಗಿ ಚಿಂಪಾಂಜಿಯ ಮರಿಗಳನ್ನು ಹಿಡಿದು ತಂದು, ಅಂಗಿ ತೊಡಿಸಿ, ಹೊಡೆದು ಬಡಿದು ಪಳಗಿಸುತ್ತಿದ್ದರು. ಅಂಥವುಗಳನ್ನು ಬಿಡಿಸಿ ಉಳಿದ ಆಯುಷ್ಯಕ್ಕೆ ಆಶ್ರಯ ಕೊಡಲು ಆ ಸ್ಥಳವನ್ನು ಕಟ್ಟಿದರು. ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರವಾದದ್ದು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ. 1892ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಗಳು ಬಂದುವು. ಜನ ಸಾಲುಗಟ್ಟಿ ನೋಡಿದರು. ಅಲ್ಲಿ ಸಿಂಗಳೀಕಗಳನ್ನೂ ಸಾಕಿ ಸಂತತಿ ಬೆಳೆಸುತ್ತಾರೆ. ಆಫ್ರಿಕದ ವಾನರನನ್ನು ನೋಡಲು ನೂಕುನುಗ್ಗಲು. ಪಕ್ಕದ ಕಣಿವೆಯ ವಾನರನ ಮುಂದೆ ನಿಲ್ಲುವವರು ವಿರಳ.

ಇಂಥ ಪಾಲನೆಯಿಂದ ಪ್ರಯೋಜನವೇನೆಂಬುದಕ್ಕೆ ಬ್ರೆಜಿಲ್ ದೇಶದ ಹೊಂಬಣ್ಣದ ಕಿರುಕಪಿಯೇ ಉತ್ತರ. ಅಂಗೈಯಲ್ಲಿ ಕೂರಬಲ್ಲ ಈ ಪ್ರಾಣಿ ಅಲ್ಲಿಯ ಕರಾವಳಿಯ ಕಾಡು ಕಡಿದುಹೋದಂತೆ 1970ರ ಸುಮಾರಿಗೆ ಕೆಲವು ನೂರರ ಮಟ್ಟಕ್ಕಿಳಿದಿತ್ತು. 1984ರಿಂದ ಮೃಗಾಲಯಗಳಲ್ಲಿ ಹುಟ್ಟಿದವನ್ನು ಕಾಡಿಗೆ ಬಿಡತೊಡಗಿದರು. ಮೊದಮೊದಲು ಬಿಟ್ಟವುಗಳಲ್ಲಿ ಬಹಳ ಸತ್ತುವು. ಬೋನಿನ ನೆಟ್ಟಗಿನ ಕೋಲಿನ ಮೇಲೆ ಬೆಳೆದವಕ್ಕೆ ಬಾಗುವ ಕೊಂಬೆಯ ಮೇಲೆ ನಡೆಯಲು ಬಾರದು. ತಟ್ಟೆಯಲ್ಲಿ ಉಂಡವಕ್ಕೆ ಎಲೆಯ ಮರೆಯ ಹಣ್ಣು ಕಾಣದು. ಪಾಲಕರು ಸೋಲೊಪ್ಪದೆ ಕಲಿತರು, ಕಲಿಸಿದರು. ಇಂದು ಅವು ಸಾವಿರಗಳ ಲೆಕ್ಕದಲ್ಲಿವೆ. ಆದರೆ ಈ ವೃತ್ತಾಂತದಲ್ಲಿ ಮರೆಯಬಾರದ ಒಂದು ಅಂಶವುಂಟು. ಮೃಗಾಲಯದವರು ಮರಿ ಬೆಳೆಸುತ್ತಿದ್ದಾಗಲೇ ಆ ದೇಶದವರು ಕಾಡಿನ ಹರಕುಗಳನ್ನು ಒಂದಕ್ಕೊಂದು ಹೊಲಿಯುತ್ತಿದ್ದರು. ಜಮೀನ್ದಾರರೇ ತಮ್ಮ ಭೂಮಿಯಲ್ಲಿ ಮರ ಬೆಳೆಯಗೊಟ್ಟರು. ಮೃಗಾಲಯವು ಛತ್ರವಿದ್ದಂತೆ. ಛತ್ರದಲ್ಲಿ ತಂಗಿದವನು ಹಿಂದಿರುಗಲು ಊರಿನಲ್ಲಿ ಮನೆಯಿರಬೇಕು.

ಮೂವರೂ ಹೊರಬಾಗಿಲಿನ ಆಚೆ, ರಸ್ತೆಯ ಬದಿಯ ಮರವೊಂದರ ಕೆಳಗೆ ಬುತ್ತಿ ಬಿಚ್ಚಿ ಕುಳಿತರು. ಬುತ್ತಿಯ ವಾಸನೆಗೆ ಕೋತಿಗಳ ಹಿಂಡು ಬಂದು ಮೇಲಿನ ಕೊಂಬೆಗಳಲ್ಲಿ ಸೇರಿತು. ತೋಟದಜ್ಜನವರ ಕೈ ಕಲ್ಲಿಗೆ ಹೋಯಿತು. ಆಗ ಮಗು, "ಅಜ್ಜಯ್ಯ, ಅದರ ಮರಿ ಏಕೆ ಹಾಗೆ ಜೋತುಬಿದ್ದಿದೆ?" ಎಂದಿತು.

ಕೆಳಗಿನ ಕೊಂಬೆಯಲ್ಲಿ ಒಂದು ಹೆಣ್ಣು ಕೋತಿ ಕುಳಿತಿತ್ತು. ಅದರ ಒಂದು ಕೈಯಲ್ಲಿ ಮರಿ. ಮರಿಗೆ ಜೀವವಿರಲಿಲ್ಲ, ಸತ್ತು ಎರಡು ಮೂರು ದಿನವಾದಂತಿತ್ತು, ಮೈ ಒಣಗಿ ಬಾಲ ಕಡ್ಡಿಯಾಗಿತ್ತು. ತಾಯಿಯು ಅದನ್ನು ತೊಡೆಯ ಮೇಲೆ ಮಲಗಿಸಿ ನೊಣವನ್ನು ಓಡಿಸಿತು. ಕೂದಲನ್ನು ಬಿಡಿಸಿ ಬಿಡಿಸಿ ಹೇನು ನೋಡಿತು. ಹಿಂಡು ಮುಂದಿನ ಮರಕ್ಕೆ ಹಾರಿದಾಗ ಮರಿಯನ್ನು ಎದೆಗೆ ಅವಚಿ, ಮೂರೇ ಕಾಲಿನಲ್ಲಿ ಕುಂಟುತ್ತ ಹಿಂದೆ ಹೋಯಿತು. ಎಸೆದಿದ್ದ ಚಪಾತಿಯ ಚೂರು ಬಳಿಯಲ್ಲೇ ಬಿದ್ದಿದ್ದರೂ ಅದನ್ನೆತ್ತಲು ಕೈ ಬಿಡುವಿರಲಿಲ್ಲ.

ವೇದಾಂತಿಗಳು ಭಗವಂತನಿಗೂ ಭಕ್ತನಿಗೂ ಇರುವ ಸಂಬಂಧವನ್ನು ಹೇಳುವಾಗ ಎರಡು ನ್ಯಾಯಗಳನ್ನು ಉದಾಹರಿಸುವರು. ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿ ಒಯ್ಯುವುದು, ಮರಿಗೆ ಪ್ರಯತ್ನವಿಲ್ಲ. ಕೋತಿಯ ಮರಿಯಾದರೋ ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳಬೇಕು. ಕೈ ಸಡಿಲಿದರೆ ಬಿದ್ದಂತೆಯೇ. ಇದೇ ಮರ್ಕಟಕಿಶೋರನ್ಯಾಯ. ಈ ದೃಷ್ಟಾಂತವನ್ನು ಕೊಟ್ಟವರು ಕೋತಿಯನ್ನು ಚೆನ್ನಾಗಿ ನೋಡಿದ್ದವರೇ ಸರಿ. ಆದರೆ ಮರಿಯ ಕೈ ಶಾಶ್ವತವಾಗಿ ಸಡಿಲಿದ ಮೇಲೆ ತಾಯಿ ಏನು ಮಾಡುತ್ತದೆಂಬುದನ್ನು ಅವರು ಹೇಳಲಿಲ್ಲ. ಆ ಮರದಲ್ಲಿ ನ್ಯಾಯವು ತಲೆಕೆಳಗಾಗಿತ್ತು. ಹಿಡಿಯಬೇಕಾದದ್ದು ಬಿಟ್ಟಿತ್ತು, ಬಿಡಬಹುದಾದದ್ದು ಹಿಡಿದಿತ್ತು.

ತೋಟದಜ್ಜನವರು ಕಲ್ಲನ್ನು ಕೆಳಗಿಟ್ಟರು. ಮಗು ಮರದ ಬಳಿಗೆ ಓಡುವುದರಲ್ಲಿತ್ತು. ಅವರು ಅದರ ರಟ್ಟೆ ಹಿಡಿದು, "ಹತ್ತಿರ ಹೋಗಬೇಡ ಮಗೂ. ಸತ್ತ ಮಂಗದ ಹತ್ತಿರ ಹೋಗಬಾರದು," ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಭಯವಿದ್ದಿತು.

ಈ ಭಯಕ್ಕೆ ಕಾರಣವುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಬೆನ್ನಿಗೇ ಸುತ್ತಣ ಹಳ್ಳಿಗಳಲ್ಲಿ ಜನಕ್ಕೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕ ಅಮೆರಿಕಗಳ ಹಳದಿಜ್ವರವೇ ಹಿಂದೂಸ್ಥಾನಕ್ಕೆ ಬಂದಿತೆಂದು ವೈದ್ಯರು ಮೊದಲು ಶಂಕಿಸಿದರು. ಪುಣೆಯ ವಿಷಾಣು ಸಂಶೋಧನ ಕೇಂದ್ರದವರು ಪರೀಕ್ಷಿಸಲಾಗಿ, ಅದು ಉಣುಗುಗಳಿಂದ ಹರಡುವ ಬೇರೆಯೇ ವಿಷಾಣುವೆಂದು ಗೊತ್ತಾಯಿತು. ಪ್ರಪಂಚದ ವೈದ್ಯಗ್ರಂಥಗಳಲ್ಲೆಲ್ಲ ಇಂದು ಆ ರೋಗಕ್ಕೆ ಕ್ಯಾಸನೂರಿನ ಹೆಸರೇ. ಊರಿನವರು ಕರೆಯುವುದು ಮಂಗನ ಕಾಯಿಲೆಯೆಂದು. ಈ ಹೆಸರು ನ್ಯಾಯವಾದುದಲ್ಲ. ಮಂಗವು ರೋಗದ ಒಡೆಯನಲ್ಲ; ಮನುಷ್ಯನಂತೆಯೇ, ಮನುಷ್ಯನಿಗಿಂತ ಮುಂಚೆ, ಅದಕ್ಕೆ ಬಲಿಯಾಗತಕ್ಕುದು. ಮಂಗ ಸತ್ತೊಡನೆ ಅದರ ಮೈಯ ಉಣುಗುಗಳು ತಣ್ಣಗಾದ ಹೆಣವನ್ನು ಬಿಟ್ಟು ಸುತ್ತಣ ತರಗೆಲೆಗೆ ಇಳಿಯುತ್ತವೆ. ಅವು ಬೆಳೆಸಿದ ವಿಷ ಆ ದಾರಿಯಲ್ಲಿ ಸೌದೆಗೋ ಸೊಪ್ಪಿಗೋ ಬಂದವರ ಮೈ ಸೇರುತ್ತದೆ. ಕಾಡಿನ ಅಂಚಿಗೆ ಮೇಯಲು ಹೋಗುವ ದನಗಳ ರಕ್ತ ಹೀರಿ ಉಣುಗುಗಳ ಸಂತಾನ ಹೆಚ್ಚುತ್ತದೆ. ಕಾಡು ಕಡಿದಷ್ಟೂ ಅಂಚು ಬೆಳೆಯುತ್ತದೆಯಷ್ಟೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. 1990ರಿಂದ ಹಾಕುತ್ತಿದ್ದ ಲಸಿಕೆ ಬಲಸಾಲದೆಂದು ಈಚೆಗೆ ನಿಂತಿತು. ಹೊಸದನ್ನು ಸಿದ್ಧಪಡಿಸುವ ಯತ್ನ ನಡೆದಿದೆ. 2018ರ ಕಡೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸೀಮೆಗೆ ಈ ರೋಗ ಬಂದು, 2019ರ ಬೇಸಿಗೆಯೊಳಗೆ ಹಲವು ಮನೆಗಳನ್ನು ಬರಿದುಮಾಡಿತು.

ತೋಟದಜ್ಜನವರ ತೋಟದಲ್ಲಿ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು ಹೀಗೆಯೇ ಒಂದು ಬೇಸಿಗೆಯಲ್ಲಿ ದರಗು ಗುಡಿಸಲು ಹೋಗಿ, ಹದಿನೈದು ದಿನ ಜ್ವರದಲ್ಲಿ ಬೆಂದು ತೀರಿಕೊಂಡಿದ್ದಳು. ಅವರು ಆ ಕಥೆಯನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹಿಂದಿರುಗುವ ರೈಲಿನಲ್ಲಿ ಮಗು ನಿದ್ರೆಹೋದ ಮೇಲೆ ಭಾವನವರಿಗೆ ಹೇಳಿದರು. "ಅವಳ ಮಗಳು ಈಗ ನಮ್ಮಲ್ಲಿಗೇ ಕೆಲಸಕ್ಕೆ ಬರುತ್ತಾಳೆ. ಮಂಗ ಅಂದರೆ ನನಗೆ ಬರೇ ಅಡಕೆ ನಷ್ಟವಲ್ಲ, ಭಾವ."

ಗೃಹಸ್ಥರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಅಭ್ಯಾಸದಂತೆ ಎರಡೂ ಕಡೆಯ ಲೆಕ್ಕ ತೆಗೆದರು.

"ಅಲ್ಲ ಮಾರಾಯ, ನೀನು ಹೇಳುವುದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಹೀಗೆ ನೋಡು. ನಿನ್ನ ತೋಟದ ಕೋತಿಯನ್ನು ಕಣಿವೆಗೆ ಬಿಟ್ಟೆ. ಅಲ್ಲೇನು ಜಾಗ ಖಾಲಿ ಇದೆಯೇ? ಅಲ್ಲಿಯ ಹಿಂಡು ಇವನ್ನು ಕಚ್ಚಿ ಓಡಿಸುತ್ತದೆ. ಅನ್ನದ ರುಚಿ ಕಂಡ ಕೋತಿ ಕಾಡಿನಲ್ಲಿ ನಿಲ್ಲುವುದಿಲ್ಲ. ಹತ್ತಿರದ ಊರಿಗೆ ಇಳಿಯುತ್ತದೆ. ಆ ಊರಿನವನೂ ನಿನ್ನ ಹಾಗೆಯೇ ತೋಟಿಗ. ಅವನೂ ಲಾರಿ ಮಾಡಿದರೆ? ಇನ್ನು ಇಲ್ಲಿ ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡು ಬರದೆ ಇರುತ್ತದೆಯೇ? ಎಲ್ಲಕ್ಕೂ ಮೇಲಾಗಿ, ಮಾಘದಲ್ಲಿ ಕಾಯಿಲೆಯ ಸೀಮೆಯ ಕೋತಿಯನ್ನು ಉಣುಗುಗಳ ಸಮೇತ ತುಂಬಿಸಿ ಇನ್ನೊಂದು ಸೀಮೆಗೆ ಬಿಡುವುದು. ಅಲ್ಲಿ ದರಗು ಗುಡಿಸುವವರು ಯಾರೂ ಇಲ್ಲವೇನು?"

ಕಡೆಯ ಮಾತಿಗೆ ಭಾವಮೈದುನರಲ್ಲಿ ಉತ್ತರವಿರಲಿಲ್ಲ.

"ಹಾಗಾದರೆ ಸರಕಾರದವರು ಹೇಳಿದ ಮಂಗಗಳ ಉದ್ಯಾನವಾದರೂ ಆಗಲಿ," ಎಂದು ಅವರು ಕೊನೆಗೆ ಹೇಳಿದರು. ಮಂಗಗಳನ್ನು ಒಂದೆಡೆ ಕೂಡಿಹಾಕಿ ಸಾಕುವ ಉದ್ಯಾನವೊಂದು ಮಲೆನಾಡಿನಲ್ಲಿ ಆಗಬೇಕೆಂಬ ಕೂಗು 2019ರ ಸುಮಾರಿಗೆ ಜೋರಾಗಿದ್ದು, ಸರಕಾರದ ಪ್ರಸ್ತಾವಗಳಲ್ಲಿಯೂ ಸೇರಿತ್ತು. ಅದರ ಪರವಾಗಿ ಹೇಳತಕ್ಕ ಮಾತುಗಳಿವೆ. ಗಾಯಗೊಂಡವು, ಮನುಷ್ಯನನ್ನು ಕಚ್ಚುವ ಚಟ ಬಿದ್ದವು, ಅನಾಥ ಮರಿಗಳು, ಇವಕ್ಕೆ ಒಂದು ಆಶ್ರಯ ಬೇಕು. ಹಿಮಾಚಲ ಪ್ರದೇಶದಲ್ಲಿ 2007ರ ಸುಮಾರಿನಿಂದ ಲಕ್ಷಕ್ಕೆ ಮೀರಿದ ಕೋತಿಗಳಿಗೆ ಸಂತಾನನಿರೋಧದ ಶಸ್ತ್ರಕ್ರಿಯೆ ಮಾಡಿದ್ದಾರೆ. ಅಂಥ ಕಾರ್ಯಕ್ಕೂ ಒಂದು ನೆಲೆ ಬೇಕು. ಆದರೆ ಒಂದು ಜಿಲ್ಲೆಯ ಹಿಂಡುಗಳನ್ನೆಲ್ಲ ಬೇಲಿಯೊಳಗೆ ಕೂಡಿದರೆ ಅಲ್ಲಿಗೆ ದಿನವೂ ಎಷ್ಟು ಲಾರಿ ಆಹಾರ ಬೇಕು, ಒಂದಕ್ಕೆ ಬಂದ ರೋಗ ಎಷ್ಟಕ್ಕೆ ತಗಲೀತು ಎಂಬ ಲೆಕ್ಕ ಉಳಿಯುತ್ತದೆ. ಛತ್ರವನ್ನು ಊರಿನಷ್ಟು ದೊಡ್ಡದಾಗಿ ಕಟ್ಟಲು ಯಾರಿಂದಲೂ ಆಗದು.

ಲಾರಿ ಹೋಗಲಿದ್ದ ಕಣಿವೆಯಾದರೂ ನಿರ್ಭಯವಾದ ಸ್ಥಳವೇ? ಸಿಂಗಳೀಕವನ್ನು ಉಳಿಸುವುದಕ್ಕಾಗಿಯೇ 2019ರಲ್ಲಿ ಅಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಘೋಷಿತವಾಯಿತು. ಮರದಿಂದ ನೆಲಕ್ಕೆ ಇಳಿಯಲು ಹಿಂಜರಿಯುವ ಪ್ರಾಣಿ ಅದು. ಮೇಲ್ಛಾವಣಿಯಂತೆ ಕೊಂಬೆಗೆ ಕೊಂಬೆ ಕೂಡಿದ ಕಾಡಿನಲ್ಲಿಯೇ ಅದರ ಸಂಚಾರ. ನಡುವೆ ಒಂದು ಅಗಲವಾದ ರಸ್ತೆ ಬಿದ್ದರೂ ಅದರ ರಾಜ್ಯ ಎರಡು ಹೋಳು. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುವುದು, ಅದೂ ವರ್ಷಗಳ ಅಂತರದಲ್ಲಿ. ಅತ್ತಿಯ ಜಾತಿಯ ಹಣ್ಣು, ರಾಮಪತ್ರೆ, ಉಪ್ಪಾಗೆ, ಹುಳುಹುಪ್ಪಟೆ ಅದರ ಊಟ. ಉಪ್ಪಾಗೆಯ ಸಿಪ್ಪೆಗೆ ಪೇಟೆಯಲ್ಲಿ ಬೆಲೆ ಬಂದ ಮೇಲೆ ಅದರಲ್ಲಿಯೂ ಮನುಷ್ಯ ಪಾಲುಗಾರ. ಅದೇ ಕಣಿವೆಯಲ್ಲಿ, ಇರುಳು ನೀರನ್ನು ಮೇಲೆತ್ತಿ ಹಗಲು ಕೆಳಕ್ಕೆ ಬಿಟ್ಟು 2000 ಮೆಗಾವಾಟ್ ವಿದ್ಯುತ್ತು ಪಡೆಯುವ ಯೋಜನೆಯೊಂದನ್ನು ಸರಕಾರ ಹೂಡಿದೆ; ಬೇಕೆನ್ನುವವರೂ ಬೇಡವೆನ್ನುವವರೂ ವಾದಿಸುತ್ತಿದ್ದಾರೆ. ಕೇರಳದ ಮೌನಕಣಿವೆಯಲ್ಲಿ ಇಂಥದೇ ವಾದವು ಹತ್ತು ವರ್ಷ ನಡೆದು, ಕಟ್ಟೆ ನಿಂತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ವಾದದಲ್ಲಿ ಜನರ ನಾಲಗೆಯ ಮೇಲೆ ನಿಂತ ಹೆಸರು ಸಿಂಗಳೀಕದ್ದು. ತನ್ನ ಪರವಾಗಿ ಮಾತನಾಡಲಾರದ ಪ್ರಾಣಿಯು ಒಂದು ಕಾಡಿನ ಪರವಾಗಿ ಅಷ್ಟು ಮಾತನಾಡಿತು.

ರಾತ್ರಿಯ ಊಟದ ಮೇಲೆ ಹಣದ ಮಾತು ಬಂದಿತು. ಗೃಹಸ್ಥರು ಪತ್ನಿಯನ್ನು ಕರೆದು ಅಭಿಪ್ರಾಯ ಕೇಳಿದರು, ಪಾಲು ಆಕೆಯದಷ್ಟೆ. ಆಕೆ ಹೆಚ್ಚು ಮಾತಿನವರಲ್ಲ. "ನಮ್ಮ ಸೊಪ್ಪಿನ ಬೆಟ್ಟದಲ್ಲಿ ನಾನು ಚಿಕ್ಕವಳಿದ್ದಾಗ ಎರಡು ದೊಡ್ಡ ಬಸರಿಮರ ಇದ್ದುವು. ಹಣ್ಣು ಬಿಟ್ಟಾಗ ತಿಂಗಳಾನುಗಟ್ಟಲೆ ಮಂಗ ತೋಟದ ಕಡೆ ತಲೆಹಾಕುತ್ತಿರಲಿಲ್ಲ. ಅವು ಈಗ ಏನಾದುವು?" ಎಂದು ತಮ್ಮನನ್ನು ಕೇಳಿದರು.

ಏನಾದುವೆಂಬುದು ತಮ್ಮನಿಗೆ ಗೊತ್ತಿತ್ತು. ಕಡಿಸಿದವರು ಅವರ ತಂದೆಯವರೇ. ಬಂದ ಹಣದಲ್ಲಿಯೇ ಅಕ್ಕನ ಮದುವೆಯಾದದ್ದು. ಅದನ್ನು ಆ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೊನೆಗೆ ಹಣವನ್ನು ಕೊಡುವುದೆಂದೇ ಆಯಿತು, ಆದರೆ ಬೋನಿಗಲ್ಲ. ಫಸಲಿನ ನಾಲ್ಕು ತಿಂಗಳು ಬೆಳಗ್ಗೆ ಸಂಜೆ ತೋಟ ಕಾಯಲು ಇಬ್ಬರು ಆಳುಗಳ ಸಂಬಳ. ಕೆಲಸದವರಿಗೆಲ್ಲ ಉಣುಗಿಗೆ ಹಚ್ಚುವ ಎಣ್ಣೆಯನ್ನು ಆರೋಗ್ಯಕೇಂದ್ರದಿಂದ ತಪ್ಪದೆ ತಂದುಕೊಡುವುದು. ಸತ್ತ ಮಂಗ ಕಂಡರೆ ಅಂದೇ ಅವರಿಗೆ ತಿಳಿಸುವುದು. ಮಳೆ ಹಿಡಿದೊಡನೆ ಸೊಪ್ಪಿನ ಬೆಟ್ಟದಲ್ಲಿ ಅತ್ತಿ, ಬಸರಿ, ನೇರಳೆ, ಹಲಸಿನ ಗಿಡಗಳನ್ನು ನೆಡುವುದು. ಇದರಿಂದ ಕೋತಿಯ ಕಾಟ ತೀರುವುದೆಂದು ಆ ಮನೆಯಲ್ಲಿ ಯಾರೂ ನಂಬಲಿಲ್ಲ. ಒಂದು ಬೆಟ್ಟದ ಗಿಡಗಳಿಂದ ಒಂದು ಸೀಮೆಯ ಹಸಿವು ಅಡಗದು. ನೆರೆಯ ಹತ್ತು ಬೆಟ್ಟಗಳವರೂ ಹಾಗೆಯೇ ಮಾಡಬೇಕು, ಏಕಜಾತಿಯ ತೋಪುಗಳ ಜಾಗದಲ್ಲಿ ಬೆರಕೆಯ ಕಾಡು ಏಳಬೇಕು. ಅದು ಒಬ್ಬ ತೋಟಿಗನ ಕೈಯ ಕೆಲಸವಲ್ಲ. ಒಬ್ಬೊಬ್ಬನೂ ಕೈಹಚ್ಚದೆ ಆಗುವ ಕೆಲಸವೂ ಅಲ್ಲ.

"ಬಸರಿ ಹಣ್ಣು ಬಿಡುವ ಹೊತ್ತಿಗೆ ನಾನು ಇರುತ್ತೇನೆಯೇ, ಭಾವ?" ಎಂದು ಭಾವಮೈದುನರು ನಕ್ಕರು.

"ನೀನೂ ಇರುವುದಿಲ್ಲ, ನಾನೂ ಇರುವುದಿಲ್ಲ. ಕೋತಿ ಇರುತ್ತದೆ," ಎಂದರು ಗೃಹಸ್ಥರು. ಸ್ವಲ್ಪ ಹೊತ್ತಿನ ಮೇಲೆ, "ಅವಳೂ ಇರುತ್ತಾಳೆ," ಎಂದು ಒಳಕೋಣೆಯ ಕಡೆ ನೋಡಿದರು.

ಆಷಾಢದಲ್ಲಿ ಹೊಸನಗರದಿಂದ ಕಾಗದ ಬಂದಿತು. ನೂರ ಇಪ್ಪತ್ತು ಗಿಡ ನೆಟ್ಟಾಯಿತು. ಅದರಲ್ಲಿ ಹನ್ನೊಂದನ್ನು ಕೋತಿಗಳೇ ಕಿತ್ತು ಹಾಕಿವೆ. ಮತ್ತೆ ನೆಡಿಸಿದೆ, ಎಂದು ಬರೆದಿತ್ತು. ಬೈಗುಳವೂ ಎರಡು ಸಾಲು ಇದ್ದಿತು. ಆದರೆ ಬೋನಿನ ಮಾತು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.